ಬೀಡಿಗೊಂದು ನ್ಯಾಯ, ಸಿಗರೇಟಿಗೊಂದು ನ್ಯಾಯ

ಬೀಡಿ ಸೇದುವುದು ಕೆಟ್ಟದ್ದು. ಸಿಗರೇಟೂ ಕೆಟ್ಟದ್ದು. ಗುಟ್ಕಾ, ಜರ್ದಾ, ತಪಕೀರು, ನಮ್ಮ ಕಡೆಯ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿ, ಎಲ್ಲವೂ ಕೆಟ್ಟವೇ. ಈ ವಿಷಯದಲ್ಲಿ ನಮಗೆ ಯಾರೊಂದಿಗೂ ಜಗಳವಿಲ್ಲ. ತಂಬಾಕಿನ ಪರ ವಕಾಲತ್ತು ವಹಿಸಲು ನಾವು ಇಲ್ಲಿ ನಿಂತಿಲ್ಲ. ನಮ್ಮ ತಕರಾರು ಬೇರೆಯದು. ತಂಬಾಕನ್ನು ದ್ವೇಷಿಸುತ್ತೇವೆಂದು ಎದೆ ತಟ್ಟಿ ಹೇಳುವ ನಮ್ಮ ಸಭ್ಯ ಸಮಾಜ ತಂಬಾಕು ಬೆಳೆಸುವವನನ್ನು ಗೌರವಿಸುತ್ತದೆ, ಮಾರುವವನಿಂದ ದೇಣಿಗೆ ಪಡೆಯುತ್ತದೆ, ತೆರಿಗೆ ಹಾಕಿ ಬೊಕ್ಕಸ ತುಂಬಿಸಿಕೊಳ್ಳುತ್ತದೆ. ಕೊನೆಗೆ ಉಳಿಯುವವನು ಸೇದುವವನೊಬ್ಬ. ಅವನನ್ನು ಮಾತ್ರ ನಾಯಿಯಂತೆ ಕಾಣುತ್ತದೆ. ಅವನಲ್ಲೂ ಶ್ರೀಮಂತನನ್ನು ಬಿಟ್ಟು ಬಡವನನ್ನೇ ಆರಿಸಿಕೊಳ್ಳುತ್ತದೆ.

ನಂಬಿಕೆ ಬಾರದಿದ್ದರೆ ಬನಹಟ್ಟಿಗೆ ಬನ್ನಿ. ಕೃಷ್ಣೆಯ ದಂಡೆಗೆ ಹತ್ತಿರದ ಈ ಊರು, ಪಕ್ಕದ ರಬಕವಿ ಎರಡೂ ಸೇರಿ ಒಂದೇ ನಗರಸಭೆ. ಇಲ್ಲಿ ಯಾವ ಓಣಿಗೆ ಹೋದರೂ ಮಗ್ಗದ ಸಪ್ಪಳ ಕಿವಿಗೆ ಬಡಿಯುತ್ತದೆ. ಕೈಮಗ್ಗದ ಕಾಲ ಹಿಂದೆ ಸರಿದು ವಿದ್ಯುತ್ ಮಗ್ಗ ಬಂದ ಮೇಲೆ ನೇಕಾರ ಮಾತಾಡುವುದಕ್ಕೂ ಕೂಗಬೇಕು. ಲಿಂಗಾಯತ ನೇಕಾರ, ದೇವಾಂಗ, ಮುಸಲ್ಮಾನ, ಮಗ್ಗದ ಮುಂದೆ ಎಲ್ಲರ ಕಿವಿಯೂ ಒಂದೇ ರೀತಿ ಮಂದವಾಗುತ್ತದೆ, ಎಲ್ಲರ ಎದೆಯೊಳಗೂ ಒಂದೇ ನೂಲಿನ ಧೂಳು ಸೇರುತ್ತದೆ. ನೇಯ್ದಷ್ಟಕ್ಕೇ ಕೂಲಿ. ಮಗ್ಗ ನಿಂತರೆ ದುಡ್ಡೂ ನಿಂತಿತು. ಹತ್ತು ಹನ್ನೆರಡು ತಾಸಿನ ಪಾಳಿಯಲ್ಲಿ ನೇಕಾರ ಮಗ್ಗ ಬಿಟ್ಟು ಹೊರಗೆ ಬರಲು ಮಾಲಕನೂ ಪ್ರಶ್ನಿಸದ ಒಂದು ಕಾರಣವಿದೆ: "ಒಂದ ಬೀಡಿ ಸೇದಿ ಬರ್ತೀನ್ರಿ." ಸುಮ್ಮನೆ ದಣಿವಾಯಿತು, ಐದು ನಿಮಿಷ ಗಾಳಿಗೆ ನಿಲ್ಲುತ್ತೇನೆ ಎಂದರೆ ಮೈಗಳ್ಳ ಎನಿಸಿಕೊಳ್ಳುತ್ತಾನೆ. ಬೀಡಿ ಎಂದರೆ ಬಿಡುವು ಸಿಗುತ್ತದೆ. ಮನುಷ್ಯನ ದಣಿವಿಗಿಲ್ಲದ ಮಾನ್ಯತೆ ಬೀಡಿಗೆ ಇದೆ. ಹೀಗಿರುವಾಗ ಹದಿನಾರು ಹದಿನೇಳರ ಹುಡುಗ ಮಗ್ಗ ಕಲಿಯುತ್ತ ಬೀಡಿಯನ್ನೂ ಕಲಿತರೆ ಅದರಲ್ಲಿ ಆಶ್ಚರ್ಯವೇನಿದೆ?

ಇದೇ ನೇಕಾರ ಸಂಜೆ ಬಸ್ ನಿಲ್ದಾಣದ ಪಕ್ಕದಲ್ಲಿ ಬೀಡಿ ಹಚ್ಚಿದರೆ ನಮ್ಮ ಸಭ್ಯರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. "ಇವರಿಗೆಲ್ಲ ಬುದ್ಧಿ ಯಾವಾಗ ಬರತದೋ" ಎಂದು ಗೊಣಗುತ್ತಾರೆ. ಅದೇ ನಿಲ್ದಾಣದಲ್ಲಿ ಕಾರಿನ ಗಾಜು ಇಳಿಸಿ ವ್ಯಾಪಾರಿಯೊಬ್ಬ ಸಿಗರೇಟಿನ ಬೂದಿ ಕೊಡವಿದರೆ ಯಾರ ಕರವಸ್ತ್ರವೂ ಕಿಸೆಯಿಂದ ಹೊರಬರುವುದಿಲ್ಲ. "ಸಾಹೇಬರು ಬಾಳ ಟೆನ್ಶನ್‌ನಾಗ ಇರ್ತಾರ" ಎಂದು ನಾವೇ ಅವರಿಗೆ ಕಾರಣ ಒದಗಿಸುತ್ತೇವೆ. ಸಾಹೇಬರ ಸಿಗರೇಟು ಚಿಂತೆಯ ಗುರುತು, ಕವಿಯ ಸಿಗರೇಟು ಪ್ರತಿಭೆಯ ಗುರುತು, ಸಿನಿಮಾ ನಾಯಕನ ಸಿಗರೇಟು ಗಂಡಸುತನದ ಗುರುತು, ಜಾತ್ರೆಗೆ ಬಂದ ಸಾಧುವಿನ ಚಿಲುಮೆ ವೈರಾಗ್ಯದ ಗುರುತು. ನೇಕಾರನ ಬೀಡಿ ಮಾತ್ರ ಅವನ ಅಜ್ಞಾನದ, ಕೊಳಕಿನ, ಕೀಳುತನದ ಗುರುತು.

ದೇಹಕ್ಕೆ ಈ ಭೇದ ಗೊತ್ತಿಲ್ಲ. ದೇಶದ ಹನ್ನೊಂದು ಲಕ್ಷ ಮನೆಗಳನ್ನು ಆಧರಿಸಿ ಪ್ರಭಾತ್ ಝಾ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಬೀಡಿ ಸೇದುವ ಗಂಡಸು ಸರಾಸರಿ 6 ವರ್ಷದ ಆಯುಷ್ಯ ಕಳೆದುಕೊಳ್ಳುತ್ತಾನೆ, ಬೀಡಿ ಸೇದುವ ಹೆಂಗಸು 8 ವರ್ಷ, ಸಿಗರೇಟು ಸೇದುವ ಗಂಡಸು 10 ವರ್ಷ. ಸಿಗರೇಟಿನಲ್ಲಿ ಕಳೆಯುವ ಆಯುಷ್ಯವೇ ಹೆಚ್ಚು. ಆದರೂ ನಮ್ಮ ಕಣ್ಣಿಗೆ ಬೀಡಿ ಅಸಹ್ಯ, ಸಿಗರೇಟು ಸಹ್ಯ. ಹಾಗಾದರೆ ನಮ್ಮ ಅಸಹ್ಯ ಆರೋಗ್ಯದ ಮೇಲಿನ ಕಾಳಜಿಯಿಂದ ಹುಟ್ಟಿದ್ದೆಂದು ಹೇಗೆ ನಂಬುವುದು?

ಇದು ಇಂದಿನ ಕಥೆಯೂ ಅಲ್ಲ. ಹಳ್ಳಿಗಳಲ್ಲಿ ಗೌಡರು ಎದುರಾದರೆ ಆಳು ಉರಿಯುವ ಬೀಡಿಯನ್ನು ಅಂಗೈಯೊಳಗೆ ಮುಚ್ಚಿ ಬೆನ್ನ ಹಿಂದೆ ಹಿಡಿಯುತ್ತಿದ್ದ. ಕೈ ಸುಟ್ಟರೂ ಸರಿ, ಬೀಡಿ ಕಾಣಬಾರದು. ಕೇರಿಯವನಿಗೆ ಬೆಂಕಿ ಬೇಕಾದರೆ ಕಡ್ಡಿಪೆಟ್ಟಿಗೆಯನ್ನು ಕೈಗೆ ಕೊಡದೆ ಮೇಲಿಂದ ಒಗೆಯುತ್ತಿದ್ದರು. ಗೌಡರ ಬಾಯಲ್ಲಿ ಚುಟ್ಟಾ ಇದ್ದೇ ಇರುತ್ತಿತ್ತು. ಅಲ್ಲಿ ಹೊಗೆಯ ಬಗ್ಗೆ ಯಾರಿಗೂ ಆಕ್ಷೇಪವಿರಲಿಲ್ಲ, ಯಾರು ಯಾರ ಮುಂದೆ ಹೊಗೆ ಬಿಡಬೇಕೆಂಬ ಬಗ್ಗೆ ಇತ್ತು. ಉರ್ದು, ಹಿಂದಿ ಭಾಷಿಕರಲ್ಲಿ ಬಹಿಷ್ಕಾರಕ್ಕೆ "ಹುಕ್ಕಾ ಪಾನಿ ಬಂದ್" ಎನ್ನುತ್ತಾರೆ. ಹುಕ್ಕಾ ಹಂಚಿಕೊಳ್ಳದಿರುವುದೆಂದರೆ ಕುಲದಿಂದ ಹೊರಹಾಕಿದಂತೆ. ಅಂದು ಹುಕ್ಕಾ ಕೊಡದೆ ಹೊರಗಿಟ್ಟೆವು, ಇಂದು ಬೀಡಿ ಸೇದುತ್ತಾನೆಂದು ಹೊರಗಿಡುತ್ತೇವೆ. ನೆಪ ಬದಲಾಗಿದೆ, ಹೊರಗಿರುವವನು ಬದಲಾಗಿಲ್ಲ.

ಕಾನೂನಾದರೂ ಸಮಾನವಾಗಿದೆಯೇ ನೋಡೋಣ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಲು ಆದೇಶ ನೀಡಿತು. 2003ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ ಬಂತು. 2008ರ ಗಾಂಧಿ ಜಯಂತಿಯಂದು ಸಾರ್ವಜನಿಕ ಸ್ಥಳಗಳ ನಿಯಮಗಳು ಬಿಗಿಯಾಗಿ ಜಾರಿಯಾದವು. ಎಲ್ಲವೂ ಆಗಬೇಕಾದವೇ. ಸೇದದವನ ಎದೆಗೂಡಿಗೆ ಸೇದುವವನ ಹೊಗೆ ನುಗ್ಗುವುದು ಅನ್ಯಾಯವೇ. ಆದರೆ ಅದೇ ಕಾಯ್ದೆಯ 4ನೆಯ ಕಲಮನ್ನು ಓದಿ. ಮೂವತ್ತು ಕೋಣೆಗಳುಳ್ಳ ಹೋಟೆಲು, ಮೂವತ್ತು ಮತ್ತು ಹೆಚ್ಚು ಜನ ಕೂರುವ ರೆಸ್ಟೋರೆಂಟು, ವಿಮಾನ ನಿಲ್ದಾಣ ಇವುಗಳಲ್ಲಿ ಸೇದುವವರಿಗೆಂದೇ ಪ್ರತ್ಯೇಕ ಜಾಗ ಮಾಡಿಕೊಡಬಹುದು! ವಿಮಾನ ಹತ್ತುವವನಿಗೆ ಕೋಣೆ ಇದೆ, ಬಸ್ಸು ಹತ್ತುವವನಿಗೆ ದಂಡ ಇದೆ. ಕರ್ನಾಟಕದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಯಾದ ಮೇಲೆ ಆ ದಂಡ 200 ರೂಪಾಯಿಯಿಂದ 1000 ರೂಪಾಯಿಗೆ ಏರಿದೆ. ಸಾವಿರ ರೂಪಾಯಿ ಒಬ್ಬನಿಗೆ ಒಂದು ಸಂಜೆಯ ತಿಂಡಿಯ ಬಿಲ್ಲು, ಮಗ್ಗದ ಕೂಲಿಗೆ ಎರಡು ಮೂರು ದಿನದ ದುಡಿಮೆ. ದಂಡ ಬೇಡವೆಂದು ನಾವು ಹೇಳುತ್ತಿಲ್ಲ. ಕಾನೂನಿನ ಬೆತ್ತ ಪಾನಶಾಪಿನ ಎದುರು ನಿಂತವನ ಬೆನ್ನನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದೇವೆ.

ಸರ್ಕಾರದ ಕಥೆಯಂತೂ "ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ" ಎಂಬ ಗಾದೆಗೆ ಹೇಳಿ ಮಾಡಿಸಿದಂತಿದೆ. ಆರೋಗ್ಯ ಸಚಿವಾಲಯ ಸಿಗರೇಟಿನ ಪ್ಯಾಕಿನ ಮೇಲೆ ಕೊಳೆತ ಬಾಯಿಯ ಚಿತ್ರ ಅಚ್ಚು ಹಾಕಿಸುತ್ತದೆ. ವಾಣಿಜ್ಯ ಸಚಿವಾಲಯದ ಅಡಿಯಲ್ಲಿ ತಂಬಾಕು ಮಂಡಳಿ ಇದೆ. 1975ರ ಕಾಯ್ದೆಯಿಂದ ಹುಟ್ಟಿ ಗುಂಟೂರಿನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ಈ ಮಂಡಳಿ ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಸಿಗರೇಟು ತಂಬಾಕನ್ನು ಹರಾಜು ಹಾಕಿಸುತ್ತದೆ, ರಫ್ತಿಗೆ ದಾರಿ ಮಾಡುತ್ತದೆ. ದೇಶದ ಅತಿ ದೊಡ್ಡ ಸಿಗರೇಟು ಕಂಪೆನಿಯಾದ ಐಟಿಸಿಯ ದೊಡ್ಡ ಪಾಲುದಾರರಲ್ಲಿ ಒಬ್ಬರು ಯಾರು ಗೊತ್ತೇ? ಭಾರತೀಯ ಜೀವ ವಿಮಾ ನಿಗಮ! ಬದುಕಿಗೆ ವಿಮೆ ಮಾಡಿಸುವ ಸಂಸ್ಥೆ ಹೊಗೆಯ ಲಾಭಕ್ಕೂ ಪಾಲುದಾರ. ಆ ಷೇರು ಕೊಂಡ ಮಧ್ಯಮ ವರ್ಗದವನು ಸಭ್ಯ ಹೂಡಿಕೆದಾರ, ಆ ಸಿಗರೇಟು ಕೊಂಡವನು ಚಟಗಾರ.

ನಮ್ಮ ಸೀಮೆಗೆ ಹತ್ತಿರದ ನಿಪ್ಪಾಣಿಯನ್ನು ನೆನೆಯಿರಿ. ಬೀಡಿ ತಂಬಾಕಿಗೆ ಹೆಸರಾದ ಊರು. 1981ರ ಮಾರ್ಚ್ ಏಪ್ರಿಲ್‌ನಲ್ಲಿ ಅಲ್ಲಿನ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಯೋಗ್ಯ ಬೆಲೆ ಕೇಳಿ ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ಅದೇ ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ ಧೂಳು ಕುಡಿಯುತ್ತ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿಕೊಂಡು ಮಾಲಕರ ಎದುರು ನಿಂತರು. ಅವರ ಬದುಕಿನ ಮೇಲೆ ದೀಪಾ ಧನರಾಜ್ ಮತ್ತು ಯುಗಾಂತರ್ ತಂಡದವರು ಎಂಬತ್ತರ ದಶಕದ ಆರಂಭದಲ್ಲಿ ಚಿತ್ರವನ್ನೇ ಮಾಡಿದ್ದಾರೆ. ಒಂದು ಬೀಡಿಯ ಹಿಂದೆ ಬೆಳೆದವನ ಸಾಲ, ಪುಡಿ ಮಾಡಿದವಳ ಕೆಮ್ಮು, ಕಟ್ಟಿದವಳ ಬೆನ್ನುನೋವು, ಸೇದಿದವನ ಸಾವು ಸಾಲಾಗಿ ನಿಂತಿವೆ. ಈ ಸಾಲಿನಲ್ಲಿ ಲಾಭ ಮಾಡಿಕೊಂಡವನ ಹೆಸರು ಎಲ್ಲಿಯೂ ಇಲ್ಲ. ನಮ್ಮ ಸಭ್ಯರ ಬೈಗುಳದ ಪಟ್ಟಿಯಲ್ಲೂ ಅವನಿಲ್ಲ.

ಇನ್ನು ಹೆಂಗಸರ ವಿಷಯ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕ ಹೆಂಗಸರಲ್ಲಿ ಸೇದುವವರು ನೂರಕ್ಕೆ ಇಬ್ಬರು. ಗಂಡಸರಲ್ಲಿ ನೂರಕ್ಕೆ ಹತ್ತೊಂಬತ್ತು. ಆದರೆ ನಮ್ಮ ಸಂಸ್ಕೃತಿ ರಕ್ಷಕರ ನಿದ್ದೆ ಕೆಡಿಸುವುದು ಆ ಇಬ್ಬರು. ಬೆಂಗಳೂರಿನ ಯಾವುದೋ ಚಾದಂಗಡಿಯ ಮುಂದೆ ಸಿಗರೇಟು ಹಿಡಿದ ಹುಡುಗಿಯ ಚಿತ್ರ ಕಂಡರೆ ಸಾಕು, ಅವಳ ಶ್ವಾಸಕೋಶದ ಬಗ್ಗೆ ಯಾರಿಗೂ ಚಿಂತೆಯಿಲ್ಲ, ಶೀಲದ ಬಗ್ಗೆ ಎಲ್ಲರಿಗೂ ಚಿಂತೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದವರು ಸಂಸ್ಕೃತಿಯ ಹೆಸರು ಹೇಳಿದರು. ಅದೇ ಮಂಗಳೂರಿನ ಸುತ್ತಮುತ್ತ ಹಿಂದೂ, ಮುಸ್ಲಿಂ ಎನ್ನದೆ ಸಾವಿರಾರು ಮನೆಗಳ ಹೆಂಗಸರು ತಲೆಮಾರುಗಳಿಂದ ಮೊರದಲ್ಲಿ ಎಲೆ, ತಂಬಾಕು ಇಟ್ಟುಕೊಂಡು ಬೀಡಿ ಕಟ್ಟುತ್ತ ಬಂದಿದ್ದಾರೆ. ಆ ಧೂಳು ಮೂಗಿಗೆ ಹೋದರೆ ಸಂಸ್ಕೃತಿಗೆ ಏನೂ ಆಗುವುದಿಲ್ಲ. ಆ ಬೀಡಿಯಿಂದ ಮಗಳ ಮದುವೆಯಾದರೆ, ಮಗ ಕಾಲೇಜು ಓದಿದರೆ ಅದೂ ಗೌರವದ ದುಡಿಮೆಯೇ, ಅದನ್ನು ನಾವೂ ಒಪ್ಪುತ್ತೇವೆ. ಆದರೆ ಸಾವಿರ ಬೀಡಿ ಕಟ್ಟಿದ ಕೈ ಪವಿತ್ರ, ಒಂದು ಸೇದಿದ ತುಟಿ ಅಪವಿತ್ರ ಎಂಬ ಲೆಕ್ಕ ಮಾತ್ರ ನಮಗೆ ಅರ್ಥವಾಗುವುದಿಲ್ಲ. ನಮ್ಮ ಬನಹಟ್ಟಿ ಕಡೆಯ ಮನೆಗಳಲ್ಲಿ ಕಂಡಿಕೆ ಸುತ್ತುತ್ತ ಕೂತ ಅಜ್ಜಿಯರು ಹಸಿವು ಮರೆಯಲು ಮಿಶ್ರಿ ತಿಕ್ಕುತ್ತಾರೆ. ಅದಕ್ಕೆ ಹೊಗೆ ಇಲ್ಲ, ಆದ್ದರಿಂದ ಹೆಸರೂ ಇಲ್ಲ. ಕರ್ನಾಟಕದಲ್ಲಿ ಸೇದುವವರಿಗಿಂತ ಅಗಿಯುವವರು, ತಿಕ್ಕುವವರೇ ಹೆಚ್ಚೆಂದು ಅದೇ ಸಮೀಕ್ಷೆ ಹೇಳುತ್ತದೆ. ಆ ಅಜ್ಜಿಯ ಬಾಯಿಹುಣ್ಣು ನಮ್ಮ ನೈತಿಕತೆಯ ಕಣ್ಣಿಗೆ ಬೀಳುವುದೇ ಇಲ್ಲ.

ಮುಸಲ್ಮಾನನಿಗೆ ಇದರ ಜೊತೆ ಇನ್ನೊಂದು ಹೊರೆ ಇದೆ. ಸಿನಿಮಾದಲ್ಲಿ ಮುಸ್ಲಿಂ ಪಾತ್ರ ಬಂದರೆ ಚೌಕಳಿ ಲುಂಗಿ, ಕೊರಳಲ್ಲಿ ತಾಯಿತ, ತುಟಿಯಲ್ಲಿ ಬೀಡಿ ತಪ್ಪುವುದಿಲ್ಲ. "ನಿಮ್ಮ ಓಣಿಯಾಗ ಎಲ್ಲಾರೂ ಬೀಡಿ ಸೇದ್ತಾರಲ್ಲ" ಎಂದು ಓದಿದವರೇ ನಗುತ್ತ ಕೇಳುತ್ತಾರೆ. ಬಡತನದ ಗುರುತನ್ನು ಧರ್ಮದ ಗುರುತು ಮಾಡುವ ಹಳೆಯ ಚಾಳಿ ಇದು. ಬನಹಟ್ಟಿಯ ಮಗ್ಗದ ಓಣಿಯಲ್ಲಿ ಬೀಡಿ ಸೇದುವ ಲಿಂಗಾಯತನ ಕಿಸೆಯಲ್ಲೂ ಮುಸಲ್ಮಾನನ ಕಿಸೆಯಲ್ಲೂ ಇರುವುದು ಒಂದೇ ಕಟ್ಟು, ಒಬ್ಬರ ಬೆಂಕಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುತ್ತಾರೆ.

ಹೊರಗಿನವರ ಮಾತು ಅತ್ತ ಇರಲಿ. ನಮ್ಮ ಜಮಾಅತಿನೊಳಗೆ ಏನು ನಡೆದಿದೆ ಎಂಬುದನ್ನು ನಾವೇ ನೋಡಿಕೊಳ್ಳಬೇಡವೇ? ಬೀಡಿ ಸೇದುವ ನೇಕಾರ ಜುಮಾಕ್ಕೆ ಬಂದರೆ ಪಕ್ಕದವನು ಸಫ್‌ನಲ್ಲಿ ಒಂದು ಗೇಣು ಸರಿದು ನಿಲ್ಲುತ್ತಾನೆ. ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬೇಡಿರೆಂದು ಪ್ರವಾದಿಯವರು ಹೇಳಿದ್ದನ್ನು ಅವನ ಮುಖಕ್ಕೆ ಎಸೆಯುತ್ತಾರೆ. ಆ ಮಾತು ವಾಸನೆಯ ಬಗೆಗಿನದು. ಬಾಯಿ ತೊಳೆದು ಬಾ ಎಂಬ ಸೌಜನ್ಯ ಅದರಲ್ಲಿದೆ, ನೀನೇ ಬರಬೇಡ ಎಂಬ ತಿರಸ್ಕಾರ ಅದರಲ್ಲಿಲ್ಲ. ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೆ ಗುರಿಯಾಗುತ್ತಿದ್ದ ಒಬ್ಬ ವ್ಯಕ್ತಿಯ ಪ್ರಸಂಗ ಹದೀಸಿನಲ್ಲಿದೆ. ಅಲ್ಲಿದ್ದವನೊಬ್ಬ ಆತನನ್ನು ಶಪಿಸಿದಾಗ ಪ್ರವಾದಿಯವರು ತಡೆದರು, ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ಎಲ್ಲರ ಮುಂದೆ ಸಾಕ್ಷಿ ನುಡಿದರು. ಶಿಕ್ಷೆಗೊಳಗಾದ ಕುಡುಕನನ್ನೇ ಶಪಿಸಬೇಡಿರೆಂದ ಪ್ರವಾದಿಯವರ ಅನುಯಾಯಿಗಳು ನಾವು ಬೀಡಿ ಸೇದುವ ನೇಕಾರನ ಈಮಾನನ್ನೇ ತಕ್ಕಡಿಯಲ್ಲಿಟ್ಟು ತೂಗುತ್ತೇವೆ!

ಮದುವೆಯ ಮಾತುಕತೆಯಲ್ಲಿ ಮೊದಲ ಪ್ರಶ್ನೆ: "ಹುಡುಗನಿಗೆ ಏನೂ ಶೋಕಿ ಇಲ್ಲ ಹೌದಲ್ಲೋ?" ಬೀಡಿ, ಸಿಗರೇಟು ಇದ್ದರೆ ಹೆಣ್ಣು ಕೊಡುವುದಿಲ್ಲ. ಬಹಳ ಒಳ್ಳೆಯದು. ಅದೇ ಹುಡುಗನ ಮನೆಯವರು ಮೋಟಾರ್ ಸೈಕಲ್ಲು, ಬಂಗಾರ, ರೊಕ್ಕ ಕೇಳಿದರೆ? ಅದು ಶೋಕಿಯಲ್ಲ, ರಿವಾಜು. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಿರೆಂಬ ಮಾತನ್ನು ಬಾಯಿಪಾಠ ಹೇಳುತ್ತಲೇ ನೇಕಾರನ ಕೂಲಿಯನ್ನು ವಾರಗಟ್ಟಲೆ ತಡೆಹಿಡಿಯುವ ಮಾಲಕ ಮಸೀದಿಯ ಕಮಿಟಿಯಲ್ಲಿ ಕೂರಬಹುದು. ಆ ನೇಕಾರ ಕೂರುವ ಹಾಗಿಲ್ಲ, ಏಕೆಂದರೆ ಅವನ ಬಾಯಿ ವಾಸನೆ! ಬೆನ್ನ ಹಿಂದೆ ಆಡಿಕೊಳ್ಳುವ ಗೀಬತ್ತನ್ನು ಸತ್ತ ಸೋದರನ ಮಾಂಸ ತಿನ್ನುವುದಕ್ಕೆ ಕುರ್‌ಆನ್ ಹೋಲಿಸಿದೆ. ಬೀಡಿ ಸೇದುವವನ ಬಗ್ಗೆ ಮಸೀದಿಯ ಮೆಟ್ಟಿಲ ಮೇಲೆ ಕೂತು ಆಡಿಕೊಳ್ಳುವವರು ತಮ್ಮ ಬಾಯಿಯ ವಾಸನೆಯನ್ನೂ ಒಮ್ಮೆ ನೋಡಿಕೊಂಡರೆ ಒಳಿತು.

ಇತಿಹಾಸವನ್ನು ತಿರುವಿ ಹಾಕಿದರೆ ಈ ಇಬ್ಬಂದಿತನಕ್ಕೆ ನಾಲ್ಕು ಶತಮಾನದ ವಯಸ್ಸು. ಮೊಗಲ್ ಆಸ್ಥಾನಕ್ಕೆ ತಂಬಾಕು ಹೋದದ್ದು ನಮ್ಮ ನೆರೆಯ ಬಿಜಾಪುರದಿಂದಲೇ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಅಲ್ಲಿಗೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ 1604ರ ಸುಮಾರಿಗೆ ಹಿಂದಿರುಗುವಾಗ ರತ್ನಖಚಿತ ಕೊಳವೆಯೊಂದಿಗೆ ತಂಬಾಕು ಒಯ್ದು ಅಕ್ಬರನ ಮುಂದಿಟ್ಟ. ಬಾದಶಹ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ, ಹಕೀಮ ತಡೆದ. ಆದರೆ ಅಮೀರ ಉಮರಾವರೆಲ್ಲ ಹಚ್ಚಿಕೊಂಡರು. ಆಸ್ಥಾನದಲ್ಲಿ ಇರುವಷ್ಟು ಕಾಲ ಅದು ನಾಜೂಕಿನ ಹವ್ಯಾಸ. ಜನಸಾಮಾನ್ಯರೂ ಸೇದತೊಡಗಿದ ಮೇಲೆ, 1617ರಲ್ಲಿ ಜಹಾಂಗೀರ ಅದನ್ನು ನಿಷೇಧಿಸಿದ. ಈ ಜಹಾಂಗೀರ ತಾನು ಮದ್ಯಕ್ಕೂ ಅಫೀಮಿಗೂ ಎಷ್ಟು ದಾಸನಾಗಿದ್ದೆನೆಂದು ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ! ಒಟ್ಟೋಮನ್ ಸುಲ್ತಾನ ನಾಲ್ಕನೆಯ ಮುರಾದ್ 1633ರಲ್ಲಿ ತಂಬಾಕು ನಿಷೇಧಿಸಿ ಸೇದಿದವರ ತಲೆ ತೆಗೆಸಿದ. ಅವನೂ ಮದ್ಯಪ್ರಿಯನೇ. ತಲೆಗಳು ಉರುಳಿದವು, ತಂಬಾಕು ಉಳಿಯಿತು.

ಉಲೆಮಾಗಳು ಈ ವಿಷಯದಲ್ಲಿ ಸುಲ್ತಾನರಿಗಿಂತ ಸಂಯಮದಿಂದ ನಡೆದುಕೊಂಡಿದ್ದಾರೆ. ಕೆಲವರು ಹರಾಮ್ ಎಂದರು, ಕೆಲವರು ಮಕ್ರೂಹ್ ಎಂದರು. ಡಮಾಸ್ಕಸ್ಸಿನ ಅಬ್ದುಲ್ ಗನಿ ಅಲ್ ನಾಬುಲುಸಿಯಂಥ ದೊಡ್ಡ ವಿದ್ವಾಂಸರು ಹದಿನೇಳನೆಯ ಶತಮಾನದಲ್ಲಿ ಅದು ನಿಷಿದ್ಧವಲ್ಲವೆಂದು ಗ್ರಂಥವನ್ನೇ ಬರೆದರು. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾನ್ಸರಿಗೂ ಹೊಗೆಗೂ ಇರುವ ನಂಟನ್ನು ವೈದ್ಯರು ತೋರಿಸಿದ ಮೇಲೆ ಅನೇಕ ವಿದ್ವಾಂಸರು ಹರಾಮ್ ಎಂಬ ಕಡೆಗೆ ವಾಲಿದರು. ತಿಳಿವು ಬೆಳೆದಂತೆ ತೀರ್ಪು ಬೆಳೆಯುವುದು ಒಳ್ಳೆಯ ಲಕ್ಷಣ, ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಒಂದು ವಸ್ತುವಿನ ಮೇಲೆ ಕೊಟ್ಟ ತೀರ್ಪನ್ನು ಮನುಷ್ಯನ ಮೇಲಿನ ತೀರ್ಪಾಗಿ ಬದಲಾಯಿಸುವ ಅಧಿಕಾರವನ್ನು ಯಾವ ಫತ್ವಾ ನಮಗೆ ಕೊಟ್ಟಿದೆ?

ಸೇದುವವನು ದುರ್ಬಲ, ಅವನಿಗೆ ಮನೋಬಲವಿಲ್ಲ ಎನ್ನುವವರಿಗೆ ಇರಾನಿನ ಒಂದು ಘಟನೆ ಹೇಳಬೇಕು. 1890ರಲ್ಲಿ ಅಲ್ಲಿನ ಶಾಹ ದೇಶದ ಇಡೀ ತಂಬಾಕು ವ್ಯಾಪಾರವನ್ನು ಟ್ಯಾಲ್ಬಟ್ ಎಂಬ ಆಂಗ್ಲನಿಗೆ ಗುತ್ತಿಗೆ ಕೊಟ್ಟ. 1891ರ ಡಿಸೆಂಬರ್‌ನಲ್ಲಿ ಮಿರ್ಜಾ ಶಿರಾಝಿಯವರ ಹೆಸರಿನಲ್ಲಿ ಒಂದು ಫತ್ವಾ ಹೊರಬಿತ್ತು: ಈ ಹೊತ್ತಿನಲ್ಲಿ ತಂಬಾಕು ಮುಟ್ಟುವುದು ತಪ್ಪು. ದೇಶಕ್ಕೆ ದೇಶವೇ ಹುಕ್ಕಾ ಕೆಳಗಿಟ್ಟಿತು. ಶಾಹನ ಅಂತಃಪುರದ ಹೆಂಗಸರೂ ಕೆಳಗಿಟ್ಟರು. ಮುಂದಿನ ತಿಂಗಳು ಗುತ್ತಿಗೆ ರದ್ದಾಯಿತು. ಹಾಗೆ ಹುಕ್ಕಾ ಬಿಟ್ಟವರು ಯಾರು? ಅಂದಿನವರೆಗೆ ಸೇದುತ್ತಿದ್ದವರೇ! ಮನುಷ್ಯನನ್ನು ಗೌರವದಿಂದ ಕರೆದು ಒಂದು ಘನ ಉದ್ದೇಶ ಕೈಗಿತ್ತರೆ ಅವನು ಏನನ್ನು ಬಿಡಬಲ್ಲನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅಷ್ಟು ದೂರ ಏಕೆ, ಪ್ರತಿ ರಮಝಾನಿನಲ್ಲಿ ನಮ್ಮ ನೇಕಾರರು ಸಹರಿಯಿಂದ ಇಫ್ತಾರಿನವರೆಗೆ ಒಂದು ದಮ್ಮೂ ಎಳೆಯದೆ ಮಗ್ಗ ನಡೆಸುತ್ತಾರೆ. ಮೂವತ್ತು ದಿನ ಹಗಲೆಲ್ಲ ಬಿಟ್ಟವನಿಗೆ ಮೂವತ್ತೊಂದನೆಯ ದಿನ ಕೈ ಹಿಡಿಯುವವರು ಬೇಕು. ನಾವು ಮಾಡುವುದೇನು? ಖರ್ಜೂರದ ಬೀಜ ಉಗುಳುವ ಮೊದಲೇ "ಹೋಗಪಾ, ನಿನ್ನ ಬೀಡಿ ಕಾಯಾಕತ್ತದ" ಎಂದು ನಗುತ್ತೇವೆ.

ಈ ನಗೆಗೆ, ಈ ತಿರಸ್ಕಾರಕ್ಕೆ ತೆರುವ ಬೆಲೆ ಸಣ್ಣದಲ್ಲ. ಮಗ್ಗದ ಊರುಗಳಲ್ಲಿ ಕೆಮ್ಮು ಹೊಸ ಸುದ್ದಿಯಲ್ಲ. ನೂಲಿನ ಧೂಳು ಎದೆ ಕೆಡಿಸುತ್ತದೆ, ಹೊಗೆ ಅದನ್ನು ಇನ್ನಷ್ಟು ಕೆಡಿಸುತ್ತದೆ, ಇವೆರಡರ ನಡುವೆ ಕ್ಷಯ ಸದ್ದಿಲ್ಲದೆ ಒಳಗೆ ಬರುತ್ತದೆ. ತಮಿಳುನಾಡಿನಲ್ಲಿ ನಡೆದು 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಗಂಡಸರ ಕ್ಷಯದ ಸಾವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಧೂಮಪಾನವೇ ಕಾರಣ ಎಂದು ತೋರಿಸಿತು. ಹಾಗಾದರೆ ಎರಡು ವಾರ ಕೆಮ್ಮಿದ ನೇಕಾರ ಮೂರನೆಯ ವಾರ ಆಸ್ಪತ್ರೆಯ ಬಾಗಿಲಲ್ಲಿರಬೇಕು. ಅವನು ಇರುವುದಿಲ್ಲ. ಏಕೆಂದರೆ ಅಲ್ಲಿ ಅವನಿಗೆ ಗೊತ್ತಿರುವುದು ಔಷಧಕ್ಕಿಂತ ಮೊದಲು ಬೈಗುಳ. ನಾವು ಬಲ್ಲ ಒಬ್ಬ ನೇಕಾರ ಕಾಕಾ ಹಾಗೆಯೇ ಒಮ್ಮೆ ಹೋಗಿದ್ದರು. "ಸೇದೂ ಮುಂದ ನನ್ನ ಕೇಳಿದ್ದೀ ಏನು? ಈಗ ಯಾಕ ಬಂದಿ?" ಎಂದು ವೈದ್ಯರು ಹತ್ತು ಜನರ ಮುಂದೆ ಕೇಳಿದರು. ತಂದೆಯ ವಯಸ್ಸಿನವರಿಗೆ ಏಕವಚನ! ಕಾಕಾ ಚೀಟಿಯನ್ನೂ ತೆಗೆದುಕೊಳ್ಳದೆ ಎದ್ದು ಬಂದರು. ಮತ್ತೆ ಯಾರಾದರೂ ಕೇಳಿದರೆ "ಬೀಡಿ ಬಿಟ್ಟು ವರ್ಷಾತು" ಎಂದು ಸುಳ್ಳು ಹೇಳತೊಡಗಿದರು, ಕೆಮ್ಮು ಬಂದಾಗ ಓಣಿಯ ತುದಿಗೆ ಹೋಗಿ ಕೆಮ್ಮತೊಡಗಿದರು. ಮಕ್ಕಳು ಹೊತ್ತುಕೊಂಡು ಮಿರಜಿಗೆ ಹೋಗುವ ಹೊತ್ತಿಗೆ ಮಾಡಲು ಏನೂ ಉಳಿದಿರಲಿಲ್ಲ. ಅವರ ಸಾವಿಗೆ ಬೀಡಿ ಕಾರಣ, ನಿಜ. ಬೀಡಿಯೊಂದೇ ಕಾರಣವೇ? ಕ್ಷಯಕ್ಕೆ ಸರ್ಕಾರ ಪುಕ್ಕಟೆ ಔಷಧ ಕೊಡುತ್ತದೆ. ಆ ಔಷಧ ಮತ್ತು ಆ ಮನುಷ್ಯನ ನಡುವೆ ನಿಂತದ್ದು ನಮ್ಮ ತಿರಸ್ಕಾರ.

"ಹಾಗಾದರೆ ಬುದ್ಧಿ ಹೇಳುವುದೇ ತಪ್ಪೇ? ಮುದ್ದು ಮಾಡಬೇಕೇ?" ಎಂದು ಕೇಳುವವರಿದ್ದಾರೆ. ನಾಚಿಕೆಯಾದರೆ ತಾನೇ ಬಿಡುತ್ತಾರೆ ಎಂಬುದು ಅವರ ವಾದ. ಈ ವಾದದಲ್ಲಿ ಸತ್ಯವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಸಿನಿಮಾ ಮಂದಿರದಲ್ಲಿ, ಬಸ್ಸಿನಲ್ಲಿ ಸೇದುವುದು ನಾಚಿಕೆಯ ವಿಷಯವಾಯಿತು, ಜನ ಬಿಟ್ಟರು. ಅಲ್ಲಿ ನಾಚಿಕೆ ಕೆಲಸ ಮಾಡಿದೆ. ಆದರೆ ಆ ನಾಚಿಕೆ ಒಂದು ಕೃತ್ಯಕ್ಕೆ, ಒಂದು ಜಾಗಕ್ಕೆ ಅಂಟಿದ್ದು. ಇಲ್ಲಿ ಸೇದಬೇಡ ಎಂದರೆ ಮನುಷ್ಯ ಹೊರಗೆ ಹೋಗಿ ನಿಲ್ಲುತ್ತಾನೆ, ಒಮ್ಮೊಮ್ಮೆ ಯೋಚಿಸುತ್ತಾನೆ. ನೀನೇ ಕೀಳು ಎಂದರೆ ಅವನು ಅಡಗಿಕೊಳ್ಳುತ್ತಾನೆ. ನಸೀಹತ್ತಿಗೂ ಫಜೀತಿಗೂ ಇರುವ ವ್ಯತ್ಯಾಸ ಇದೇ. ನಸೀಹತ್ತು ಕಿವಿಯಲ್ಲಿ ಹೇಳುವಂಥದ್ದು, ಫಜೀತಿ ಓಣಿಯಲ್ಲಿ ಮಾಡುವಂಥದ್ದು. ಗಾಂಧೀಜಿಯವರು ಬಾಲ್ಯದಲ್ಲಿ ಚಿಕ್ಕಪ್ಪ ಸೇದಿ ಬಿಸಾಕಿದ ತುಂಡುಗಳನ್ನು ಹೆಕ್ಕ ಸೇದಿದ್ದನ್ನೂ, ಅದಕ್ಕಾಗಿ ಆಳಿನ ಕಿಸೆಯ ಕಾಸು ಕದ್ದದ್ದನ್ನೂ ಆತ್ಮಕಥೆಯಲ್ಲಿ ಬಿಚ್ಚಿ ಹೇಳಿದ್ದಾರೆ. ಆ ಹುಡುಗನನ್ನು ಯಾರಾದರೂ ಚೌಕದಲ್ಲಿ ನಿಲ್ಲಿಸಿ ಕಳ್ಳ, ಚಟಗಾರ ಎಂದು ಹಣೆಗೆ ಬರೆದಿದ್ದರೆ ನಾಡು ಯಾರನ್ನು ಕಳೆದುಕೊಳ್ಳುತ್ತಿತ್ತು?

ನಿಕೋಟಿನ್ ಮೆದುಳನ್ನು ಹಿಡಿಯುವ ವಸ್ತು. ಅದನ್ನು ಬಿಡುವುದು ಬರಿಯ ಮನಸ್ಸಿನ ಮಾತಲ್ಲ, ಚಿಕಿತ್ಸೆಯ ಮಾತೂ ಹೌದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸೆ ಇದೆ. 2016ರಿಂದ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ ಇದೆ, ಸಂಖ್ಯೆ 1800-11-2356. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಬನಹಟ್ಟಿಯ ಎಷ್ಟು ಮಗ್ಗದ ಕಾರ್ಖಾನೆಗಳ ಗೋಡೆಯ ಮೇಲೆ ಈ ಸಂಖ್ಯೆ ಇದೆ? ಎಷ್ಟು ಮಸೀದಿಗಳ, ಎಷ್ಟು ಮಠಗಳ ಫಲಕದ ಮೇಲೆ ಇದೆ? "ಬೀಡಿ ಸೇದಬಾರದು" ಎಂಬ ಫಲಕ ಎಲ್ಲ ಕಡೆ ಇದೆ. ಬಿಡುವುದು ಹೇಗೆಂಬ ಫಲಕ ಎಲ್ಲಿಯೂ ಇಲ್ಲ.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಮಗ್ಗದ ಮಾಲಕರು ಪಾಳಿಯ ನಡುವೆ ಬೀಡಿಯ ನೆಪವಿಲ್ಲದ ಬಿಡುವು ಕೊಡಲಿ, ಧೂಳು ಹೊರಹೋಗಲು ಕಿಟಕಿ, ಗಾಳಿಯಂತ್ರ ಹಾಕಿಸಲಿ. ಇಷ್ಟಾದರೆ ಅರ್ಧ ಬೀಡಿ ತಾನಾಗಿ ಆರುತ್ತದೆ. ಜಮಾಅತಿನವರು ಜುಮಾ ಬಯಾನಿನಲ್ಲಿ ಸೇದುವವರನ್ನು ಬೈಯುವ ಹತ್ತು ನಿಮಿಷದಲ್ಲಿ ಎರಡು ನಿಮಿಷ ಉಳಿಸಿ ಆ ಸಂಖ್ಯೆಯನ್ನು ಹೇಳಲಿ. ರಮಝಾನಿನಲ್ಲಿ ಬಿಡಲು ಮನಸ್ಸು ಮಾಡಿದವನ ಜೊತೆ ಈದಿನ ಮರುದಿನವೂ ಒಬ್ಬ ಗೆಳೆಯ ನಿಲ್ಲುವಂತೆ ನೋಡಿಕೊಳ್ಳಲಿ. ವೈದ್ಯರು ಬೈಯುವ ಮೊದಲು "ಕಾಕಾ, ಕೆಮ್ಮು ಎಷ್ಟು ದಿನದಿಂದ ಐತಿ?" ಎಂದು ಕೇಳಲಿ. ಬೀಡಿ ಕಟ್ಟುವ ಹೆಂಗಸರಿಗೆ ಅದನ್ನು ಬಿಟ್ಟು ಬದುಕುವ ದುಡಿಮೆಯನ್ನು ಸರ್ಕಾರ ತೋರಿಸಲಿ. ತೆರಿಗೆಯ ರೊಕ್ಕದಲ್ಲಿ ಒಂದು ಪಾಲು ಅವರ ಮನೆ ಬಾಗಿಲಿಗೆ ಬರಲಿ.

ಬೀಡಿ ಆರಿಸುವುದಕ್ಕೆ ನಮ್ಮ ವಿರೋಧವಿಲ್ಲ. ಬೀಡಿಯ ಜೊತೆ ಮನುಷ್ಯನನ್ನೂ ಕಾಲಡಿ ಹಾಕಿ ಹೊಸಕುವುದಕ್ಕೆ ಮಾತ್ರ ನಮ್ಮ ವಿರೋಧ. ಹೊಗೆ ಬಿಡುವವನ ಹತ್ತಿರ ಹೋಗಲು ಮೂಗು ಮುಚ್ಚಿಕೊಳ್ಳುವವರು, ಅವನು ಮೂವತ್ತು ವರ್ಷ ನೇಯ್ದ ಸೀರೆ, ಲುಂಗಿಗಳನ್ನು ನಮ್ಮ ಮನೆಯವರೇ ಉಟ್ಟಿದ್ದಾರೆಂಬುದನ್ನಾದರೂ ನೆನಪಿಟ್ಟುಕೊಳ್ಳಲಿ. ನಮ್ಮ ಮಾನ ಮುಚ್ಚಿದವನ ಮಾನವನ್ನು ಒಂದು ಬೀಡಿಯ ನೆಪದಲ್ಲಿ ಬೀದಿಗೆಳೆಯುವ ಹಕ್ಕು ನಮಗಿಲ್ಲ.